ಬಿಳಿಚದ ಕೆನ್ನೆ

ಚಳ್ಳಕೆರೆಯ ಒಂದು ಲಕ್ಷ ಬಾಯಿಗಳ ಒಳಗನ್ನು ಕಂಡಿದ್ದ ಹೊನ್ನೂರಸ್ವಾಮಿಗೆ, ತನ್ನ ಸ್ವಂತ ಹೆಂಡತಿಯ ಬಾಯಿಯೊಳಗೆ ನಿನ್ನೆ ಇನ್ನೊಬ್ಬನ ಬೆರಳು ಹೋಗಿ ಬಂದಿದೆ ಎಂಬ ಸಂಗತಿ ಬುಧವಾರ ಬೆಳಿಗ್ಗೆ ಹತ್ತೂವರೆಯಾದರೂ ಗಂಟಲಿನಿಂದ ಕೆಳಗಿಳಿದಿರಲಿಲ್ಲ. ಒಂದು ಲಕ್ಷ ಎಂಬುದು ಅವನದೇ ಎಣಿಕೆ. ಊರಲ್ಲಿ ಅಷ್ಟು ಜನರೇ ಇಲ್ಲವಲ್ಲ ಎಂದು ಯಾರಾದರೂ ಎತ್ತಿದರೆ, ಒಬ್ಬೊಬ್ಬರು ಎರಡೆರಡು ಸಲ ಬಂದಿಲ್ವೇನ್ರಿ ಎಂದು ಕೇಳಿ ಸುಮ್ಮನಾಗಿಸುತ್ತಿದ್ದ. ಹಲ್ಲಿನ ಡಾಕ್ಟರು ಶಶಿಕಾಂತ್ ಅವರ ಬಳಿ ಅವನು ಹತ್ತೊಂಬತ್ತು ವರ್ಷದಿಂದ ಸಹಾಯಕ. ಸಿರಿಂಜಿಗೆ ಔಷಧಿ ತುಂಬಿ ಕೊಡುವುದು ಅವನ ಕೆಲಸ. ಅದಕ್ಕಿಂತ ದೊಡ್ಡ ಕೆಲಸವೆಂದರೆ ಡಾಕ್ಟರು ಸೂಜಿ ಇಳಿಸುವ ಹೊತ್ತಿಗೆ ಸರಿಯಾಗಿ ರೋಗಿಯ ಕೆನ್ನೆಯನ್ನು ಎರಡು ಬೆರಳಲ್ಲಿ ಹಿಡಿದು ಹೊರಕ್ಕೆಳೆದು ಅಲುಗಿಸುವುದು. ಅಲುಗುವ ಕೆನ್ನೆಗೆ ಚುಚ್ಚಿದ್ದು ತಿಳಿಯುವುದಿಲ್ಲ. ಚುಚ್ಚುವುದನ್ನು ಕಾಲೇಜಿನಲ್ಲಿ ಐದು ವರ್ಷ ಓದಿದರೆ ಯಾರಾದರೂ ಕಲಿಯಬಹುದು, ಅಲುಗಿಸುವುದು ಮಾತ್ರ ಇಡೀ ಕರ್ನಾಟಕದಲ್ಲಿ ತನ್ನೊಬ್ಬನ ಕೈಗೆ ಒಲಿದದ್ದು ಎಂದು ಅವನು ನಂಬಿದ್ದ. ಅವನ ಬೆರಳ ನಡುವೆ ಕೆನ್ನೆ ಕೊಟ್ಟು ಕೂತ ಲಾರಿ ಡ್ರೈವರುಗಳು ಗೊರಕೆ ಹೊಡೆದಿದ್ದರು. ಎಣ್ಣೆ ಮಿಲ್ಲಿನ ಸಾಹುಕಾರನೊಬ್ಬ, ಹಲ್ಲು ಕಿತ್ತುಬಂದದ್ದೇ ಗೊತ್ತಾಗದೆ, ಇನ್ನೂ ಯಾವಾಗ ಕೀಳೋದು ಎಂದು ಕೇಳುತ್ತ ಅರ್ಧ ಗಂಟೆ ಕುರ್ಚಿಯಲ್ಲೇ ಕೂತಿದ್ದ. ಅಂಥ ಕೈ ಮನೆಯಲ್ಲೇ ಇರುವಾಗ ಚಿತ್ರಾ ಬಸ್ಸು ಹತ್ತಿ ಮೊಳಕಾಲ್ಮೂರಿಗೆ ಹೋಗಿ, ಅಲ್ಲಿ ಬಾಯಿ ತೆರೆದು, ಹಲ್ಲು ಕೀಳಿಸಿಕೊಂಡು ಬಂದಿದ್ದಳು. ಅವಳ ಕೆನ್ನೆ ಅಲುಗಿಸಿದವನು ಗೋವರ್ಧನ, ಒಂದು ಕಾಲಕ್ಕೆ ಇವನ ಕೈಕೆಳಗೇ ಇದ್ದವನು.

ಕುರ್ಚಿಯಲ್ಲಿ ನನ್ನಿವಾಳದ ರೈತನೊಬ್ಬ ಕಣ್ಣು ಮುಚ್ಚಿ ಕೂತಿದ್ದ. ಹೊನ್ನೂರಸ್ವಾಮಿ ಆ ಒರಟು ಕೆನ್ನೆಯನ್ನು ಹಿಡಿದ. ಹಿಡಿದ ಮೇಲೆ ಅದು ರೈತನ ಕೆನ್ನೆಯಾಗಿ ಉಳಿಯಲಿಲ್ಲ, ಗೋವರ್ಧನನ ಬೆರಳುಗಳಾಯಿತು, ಅವನ್ನು ತಿರುಚಿದರೆ ಲಟ್ಟನೆ ಮುರಿಯಬಹುದಿತ್ತು.

"ಅಣ್ಣಾ, ಕೆನ್ನೆ ಕಿತ್ಕೊಂಡೇ ಹೋಗ್ತೀಯೇನು?" ರೈತ ತೆರೆದ ಬಾಯಲ್ಲೇ ಅರಚಿದ. "ಹಲ್ಲು ಕೀಳ್ರಪ್ಪಾ ಅಂದ್ರೆ ಮಾಂಸ ಕೀಳ್ತಾರೆ!"

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. ಹತ್ತೊಂಬತ್ತು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತ ನಾಲ್ಕು ಜನ ಕತ್ತು ಉದ್ದ ಮಾಡಿದರು, ಅವನಿಗದು ನಾಲ್ಕು ಸಾವಿರ ಜನರಂತೆ ಕಂಡಿತು. ಕೈ ಸಡಿಲಿಸಿ ಅವನು ಒಸಡನ್ನೇ ನೋಡುತ್ತ ನಿಂತ. ಔಷಧಿ ಇಳಿದ ಜಾಗ ಬಿಳಿಚತೊಡಗಿತ್ತು, ಯುಗಾದಿಗೆ ಸುಣ್ಣ ಬಳಿದ ಗೋಡೆಯ ಹಾಗೆ. ಅದನ್ನು ನೋಡಿದಾಗಲೆಲ್ಲ ಅವನ ಮನಸ್ಸು ತಣ್ಣಗಾಗುತ್ತಿತ್ತು. ಮರಗಟ್ಟಿಸುವ ಲಿಗ್ನೋಕೇನಿನ ಜೊತೆ ಅದೇ ಬಾಟ್ಲಿಯಲ್ಲಿ ಚೂರು ಅಡ್ರಿನಲಿನ್ ಇರುತ್ತದೆ, ಅದು ರಕ್ತನಾಳದ ಕತ್ತು ಹಿಡಿದು ಬಿಗಿಯುತ್ತದೆ, ರಕ್ತ ಆ ಕಡೆ ಸುಳಿಯುವುದಿಲ್ಲ, ಔಷಧಿ ಇದ್ದಲ್ಲೇ ಇದ್ದು ಎರಡು ಮೂರು ಗಂಟೆ ಕೆಲಸ ಮಾಡುತ್ತದೆ ಎಂದು ಅವನು ಕೆಲಸಕ್ಕೆ ಸೇರಿದ ಮೊದಲ ವಾರವೇ ಡಾಕ್ಟರು ಹೇಳಿದ್ದರು. ಹೇಳಿದ್ದು ಡಾಕ್ಟರು, ಆದರೆ ಈಗ ಅದು ಅವನೇ ಕಂಡುಹಿಡಿದ ಸಂಗತಿಯಾಗಿತ್ತು. ಈ ಕ್ಲಿನಿಕ್ಕಿಗೆ ಬರುವುದು ಅದೊಂದೇ ಥರದ ಬಾಟ್ಲಿ. ಹೀಗಾಗಿ ಸೂಜಿಯೆಂದರೆ ಬಿಳುಪು. ಒಮ್ಮೊಮ್ಮೆ ಹೊರಗಿನ ಕೆನ್ನೆ ಕೂಡ ಒಂದು ಗಳಿಗೆ ಬಿಳಿಚಿ, ರಕ್ತವಿಲ್ಲದ ಗೊಂಬೆಯ ಹಾಗಾಗುವುದನ್ನು ಅವನು ನೂರು ಸಲ ಕಂಡಿದ್ದ. ಕೆಂಪಾದದ್ದನ್ನು ಕಂಡಿರಲಿಲ್ಲ. ಚಿತ್ರಾಳ ಎಡಗೆನ್ನೆ ನಿನ್ನೆ ಸಂಜೆ ಕೆಂಪಗಿತ್ತು.

ಅವಳು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಮಂಗಳವಾರ ಮೊಳಕಾಲ್ಮೂರಿಗೆ ಹೋಗಿ ನೇಕಾರರ ಮನೆಗಳಿಂದ ರೇಷ್ಮೆ ಸೀರೆ ತಂದು, ವಾರವೆಲ್ಲ ಸೆರಗಿಗೆ ಕುಚ್ಚು ಕಟ್ಟಿ, ಮುಂದಿನ ಮಂಗಳವಾರ ಮರಳಿಸುತ್ತಾಳೆ. ನಿನ್ನೆ ಆರು ಗಂಟೆಗೆ ಸೀರೆಯ ಗಂಟು ಹಿಡಿದು ಬಾಗಿಲಲ್ಲಿ ನಿಂತಾಗ ಅವಳ ಬಾಯಲ್ಲಿ ಹತ್ತಿಯಿತ್ತು. ಅವನು ಏನಾಯ್ತೇ ಎಂದ. ಹಲ್ಲು ತೆಗೆಸಿದೆ ಎಂದು ಸನ್ನೆ ಮಾಡಿದಳು. ಅವನು ಮೊದಲು ನಕ್ಕ, ತಮಾಷೆಯೆಂದುಕೊಂಡು.

"ಎಲ್ಲಿ?"

"ಮೊಳಕಾಲ್ಮೂರಾಗೆ. ಹೊಸಾ ಲೇಡಿ ಡಾಕ್ಟ್ರು ಬಂದಾರಲ್ಲ, ಅಲ್ಲಿ."

"ಅಲ್ಲಿ ಯಾರು ಹಿಡ್ಕೊಂಡ್ರು?"

ಯಾರು ಕಿತ್ತರು ಎಂದು ಬೇರೆ ಗಂಡಂದಿರು ಕೇಳಿಯಾರು. ಇವನು ಕೇಳಿದ್ದು ಇದನ್ನು.

"ಗೋವರ್ಧನ ಇದಾನಲ್ರಿ." ಹತ್ತಿ ತೆಗೆದು ನೋಡಿ ಮತ್ತೆ ಇಟ್ಟುಕೊಂಡಳು. "ಎರಡು ಸಲ ಚುಚ್ಚಿದ್ರು. ಒಂಚೂರೂ ಗೊತ್ತಾಗ್ಲಿಲ್ಲ."

ಒಂಚೂರೂ ಗೊತ್ತಾಗಲಿಲ್ಲ. ಆ ಮಾತನ್ನು ಒಂದು ಲಕ್ಷ ಜನ ಅವನಿಗೆ ಹೇಳಿದ್ದರು. ಅವಳು ಹೇಳಿರಲಿಲ್ಲ. ಅವನು ಟ್ಯೂಬ್‌ಲೈಟು ಹಾಕಿದ. ಕೆನ್ನೆಯ ನಡುವೆ ಅಂಗೈಯಗಲದ ಕೆಂಪು, ಅಂಚಿನಲ್ಲಿ ಮಾಸುತ್ತ, ನಡುವೆ ಕುಂಕುಮ ಚೆಲ್ಲಿದ ಹಾಗೆ. ಅದರೊಳಗೆ ಎರಡು ಬೆರಳಿನ ಗುರುತನ್ನೂ ಅವನು ಕಂಡ. ಗುರುತು ಇರಲಿಲ್ಲವೆಂದು ಅವನಿಗೇ ಆಮೇಲೆ ಅನಿಸಿತು, ಆದರೆ ಅಷ್ಟು ಹೊತ್ತಿಗೆ ಕಂಡಾಗಿತ್ತು. ಸೂಜಿ ಕೆಂಪು ಮಾಡುವುದಿಲ್ಲ. ಸೂಜಿ ಮಾಡದ ಕೆಂಪನ್ನು ಮತ್ಯಾವುದು ಮಾಡಿತು? ಬಿಸಿಲೇ? ಬಿಸಿಲಾದರೆ ಎರಡೂ ಕೆನ್ನೆಗೆ ಬೀಳಬೇಕು. ಹೆಣ್ಣಿನ ಮುಖಕ್ಕೆ ರಕ್ತ ಏರುವುದು ಯಾವಾಗ ಎಂಬುದು ಅವನಿಗೆ ಒಂದೇ ಒಂದು ಸಲ ತಿಳಿದಿತ್ತು. ಮದುವೆಯಾದ ಹೊಸದರಲ್ಲಿ ಜಟಿಂಗ ರಾಮೇಶ್ವರದ ಬೆಟ್ಟ ಹತ್ತಿದಾಗ, ಮೇಲಿನ ಬಂಡೆಯ ಹತ್ತಿರ ಅವಳು ತಿರುಗಿ ನಿಂತು ನೋಡಿದಳು, ಮುಖವೆಲ್ಲ ಕೆಂಪು. ಹದಿನೈದು ವರ್ಷ ಆ ಕೆಂಪನ್ನು ಅವನು ತನ್ನ ಆಸ್ತಿಯೆಂದು ಬಗೆದು ಬದುಕಿದ್ದ. ಅಷ್ಟೊಂದು ಮೆಟ್ಟಿಲು ಹತ್ತಿದ್ದಕ್ಕೆ ಬಂದ ಕೆಂಪೂ ಇರಬಹುದು ಎಂದು ಮೊದಲ ಸಲ ಹೊಳೆದದ್ದು ನಿನ್ನೆ, ಟ್ಯೂಬ್‌ಲೈಟಿನ ಕೆಳಗೆ.

ಹನ್ನೊಂದೂವರೆಗೆ ಅವನು ಡಾಕ್ಟರಿಗೆ ಹೊಟ್ಟೆ ನೋವೆಂದ. ರೈತನ ಕೆನ್ನೆಯನ್ನು ನೆನೆದೋ ಏನೋ ಅವರು ತಕ್ಷಣ ಹೋಗಿ ಬಾ ಎಂದರು, ಇನ್ನೆರಡು ದಿನ ಬರದಿದ್ದರೂ ನಡೆಯುತ್ತದೆ ಎನ್ನುವ ದನಿಯಲ್ಲಿ. ಅದೂ ಒಂದು ಚುಚ್ಚು. ಬಸ್ ಸ್ಟ್ಯಾಂಡಿನಲ್ಲಿ ಮೊಳಕಾಲ್ಮೂರಿನ ಬಸ್ಸು ಎಂಜಿನ್ ಚಾಲೂ ಮಾಡಿಕೊಂಡು ನಡುಗುತ್ತಿತ್ತು. ಹತ್ತಿ ಕೂತ ಮೇಲಷ್ಟೇ ತಾನು ಹೋಗುತ್ತಿರುವುದು ಯಾತಕ್ಕೆಂದು ಯೋಚಿಸಿದ. ಗೋವರ್ಧನನ ಕಪಾಳಕ್ಕೆ ಬಾರಿಸುವುದಕ್ಕೆ. ಅಲ್ಲ, ಕೇಳುವುದಕ್ಕೆ. ಏನಂತ? ನನ್ನ ಹೆಂಡತಿಯ ಕೆನ್ನೆ ಯಾಕೋ ಕೆಂಪಾಯಿತು ಅಂತ? ಹಾಗೆ ಕೇಳಿದ ಗಂಡಸು ಲೋಕದಲ್ಲೇ ಇರಲಿಕ್ಕಿಲ್ಲ. ಕೇಳದೆ ಮನೆಗೆ ಹೋದರೆ ಅವಳನ್ನು ಕೇಳಬೇಕಾಗುತ್ತದೆ, ಅವಳನ್ನು ಕೇಳಿದ ಮೇಲೆ ಆ ಮನೆ ಮನೆಯಾಗಿ ಉಳಿಯುವುದಿಲ್ಲ. ಅವಳು ಜಗಳಕ್ಕೆ ನಿಲ್ಲುವ ಪೈಕಿಯಲ್ಲ, ಸುಮ್ಮನೆ ಸೀರೆಯ ಗಂಟು ಎತ್ತಿಕೊಂಡು ತವರಿಗೆ ಹೊರಡುವ ಪೈಕಿ.

"ಏಮಪ್ಪಾ ಹಲ್ಲಪ್ಪಾ, ನೀನೂ ನಮ್ಮ ಕಡೀಗೆ ಹೊಂಟೆ?"

ಪಕ್ಕದ ಸೀಟಿಗೆ ಬಂದು ಕೂತವಳು ಬೋರಕ್ಕ, ಕೈಯಲ್ಲಿ ಆಧಾರ್ ಕಾರ್ಡು, ಬಾಯಲ್ಲಿ ಫಳಫಳಿಸುವ ಕಟ್ಟಿಸಿದ ಹಲ್ಲು. ಹೋದ ವರ್ಷ ಅವಳ ಉಳಿದ ಒಂಬತ್ತು ಹಲ್ಲನ್ನು ಕೀಳುವಾಗ ಕೆನ್ನೆ ಹಿಡಿದವನು ಇವನೇ. ಅವನು ಎಲ್ಲರಿಗೂ ಹೇಳುವಾಗ ಒಂಬತ್ತು ಇಪ್ಪತ್ತೊಂಬತ್ತಾಗಿತ್ತು.

"ಕೆಲಸ ಐತೆ ಬೋರಕ್ಕ."

"ಹೆಂಡ್ತಿ ಹೆಂಗವ್ಳೆ? ಅವಳ ಎದೆ ಸರಿಹೋತಾ?"

"ಯಾವ ಎದೆ?"

"ನೀನೇ ಹೇಳಿದ್ದಲ್ಲಪ್ಪಾ! ನನ್ನ ಹಲ್ಲು ಕೀಳೋವಾಗ ಹೆದರ್ಬ್ಯಾಡ ಬೋರಕ್ಕ, ನನ್ನ ಹೆಂಡ್ತಿ ಈ ಕುರ್ಚ್ಯಾಗೆ ಕೂತು ಎಷ್ಟು ಹೆದರಿದ್ಲು ಅಂದ್ರೆ ಅವಳ ಎದೆ ಡವಡವ ಅನ್ನೋದು ಬಸ್ ಸ್ಟ್ಯಾಂಡಿಗೆ ಕೇಳಿಸ್ತು, ಕಂಡಕ್ಟರು ಟಯರ್ ಹೋತು ಅಂತ ಇಳಿದು ನೋಡಿದ ಅಂತ ಅಂದಿದ್ದೆ. ನಾನು ಊರಿಗೆ ಹೋಗಿ ಎಲ್ಲಾರ್ಗೂ ಹೇಳ್ದೆ. ನಕ್ಕು ನಕ್ಕು ಸತ್ರು." ಬೋರಕ್ಕ ಈಗಲೂ ನಕ್ಕಳು. ಮುಂದಿನ ಸೀಟಿನವರು ತಿರುಗಿ ಅವರೂ ನಕ್ಕರು. "ನಮ್ಮ ಬೀದ್ಯಾಗೆ ಅವಳು ಸೀರೆ ತರಾಕೆ ಬಂದ್ರೆ ಹುಡುಗ್ರು ಡವಡವ ಬಂದ್ಲು ಅಂತಾವೆ. ಪಾಪ, ಒಳ್ಳೇದು. ಏನೂ ಅನ್ನಂಗಿಲ್ಲ."

ಹೊನ್ನೂರಸ್ವಾಮಿ ಕಿಟಕಿಯ ಕಡೆ ತಿರುಗಿದ. ಬಸ್ಸು ತಳಕು ಊರನ್ನು ದಾಟಿತ್ತು. ಹೊರಗೆ ಕಡಲೆಕಾಯಿ ಕಿತ್ತ ಕೆಂಪು ಹೊಲಗಳು, ಎಲ್ಲ ಕಡೆಯೂ ಕೆಂಪೇ. ಆ ದಿನದ ಕಥೆ ಎಷ್ಟು ಸಲ ಹೇಳಿದ್ದನೋ, ಕಥೆಯ ಕೆಳಗಿದ್ದ ದಿನವೇ ಮರೆತುಹೋಗಿತ್ತು. ಈಗ ಬಸ್ಸಿನ ಕುಲುಕಾಟಕ್ಕೆ ಅದು ಕದಲಿತು. ಮೂರು ವರ್ಷದ ಹಿಂದೆ, ಮಧ್ಯಾಹ್ನ, ಬೆಂಚಿನ ಮೇಲೆ ಆರು ಜನ. ಡಾಕ್ಟರು ಚುಚ್ಚಿ ಕೈ ತೊಳೆಯಲು ಹೋಗಿದ್ದರು. ಚಿತ್ರಾ ಅವನ ತೋಳು ಹಿಡಿದು, ಏನ್ರಿ, ಎದೆ ಹೆಂಗೋ ಹೊಡ್ಕೊಳ್ತೈತೆ, ಸಾಯ್ತೀನೇನೋ ಅನ್ನಿಸ್ತೈತೆ ಎಂದಿದ್ದಳು. ಮೆಲ್ಲಗೆ ಹೇಳಿದ್ದಳು, ಅವನೊಬ್ಬನಿಗೆ. ಅವನು ಜೋರಾಗಿ, ಬೆಂಚಿಗೆಲ್ಲ ಕೇಳಲಿ ಎಂದು, "ಹಲ್ಲಿನ ಕಾಂಪೌಂಡರ್ ಹೆಂಡ್ತಿಯಾಗಿ ಹಿಂಗೆ ಹೆದರಿದ್ರೆ ನನ್ನ ಮರ್ಯಾದೆ ಗತಿಯೇನೇ?" ಎಂದ. ಆರು ಜನ ನಕ್ಕರು. ಅವಳೂ ನಕ್ಕಳು. ಅವಳ ತುಟಿ ಬಿಳಿಯಾಗಿದ್ದದ್ದು, ಬೆರಳು ನಡುಗುತ್ತಿದ್ದದ್ದು ಅವನಿಗೆ ಕಂಡಿತ್ತೇ? ಕಂಡಿರಬೇಕು. ಬಿಳುಪೆಂದರೆ ಔಷಧಿ ಕೆಲಸ ಮಾಡುತ್ತಿದೆಯೆಂದು ತೃಪ್ತಿಪಟ್ಟಿರಬೇಕು. ಹತ್ತು ನಿಮಿಷಕ್ಕೆ ಎದೆ ತಹಬಂದಿಗೆ ಬಂತು. ಸಂಜೆ ಚಹದಂಗಡಿಯಲ್ಲಿ ಬಸ್ಸಿನ ಕಂಡಕ್ಟರು ಕಥೆಯೊಳಗೆ ಬಂದು ಸೇರಿಕೊಂಡ.

ಬಿ.ಜಿ.ಕೆರೆ ಬಂತು, ಹಾನಗಲ್ಲು ಬಂತು, ಒಂದರ ಮೇಲೊಂದು ಒಟ್ಟಿದ ಬಂಡೆಗಳ ಬೆಟ್ಟಗಳು ಬಂದವು. ಮೊಳಕಾಲ್ಮೂರಿನ ಕ್ಲಿನಿಕ್ಕು ಅವನು ಎಣಿಸಿದ್ದಕ್ಕಿಂತ ಚಿಕ್ಕದಿತ್ತು. ಅದು ಅವನಿಗೆ ಸಮಾಧಾನ ಕೊಟ್ಟ ಒಂದೇ ಸಂಗತಿ. ಪಕ್ಕದ ಸಂದಿಯಿಂದ ಮಗ್ಗದ ಸದ್ದು ಬರುತ್ತಿತ್ತು. ಅರ್ಧ ತೆರೆದ ಪರದೆಯ ಆಚೆ ಗೋವರ್ಧನ ಒಬ್ಬ ಮುದುಕನ ಕೆನ್ನೆ ಹಿಡಿದಿದ್ದ. ನಾಲ್ಕು ವರ್ಷ ತನ್ನ ಕೈಕೆಳಗಿದ್ದು, ಎರಡು ವರ್ಷದ ಹಿಂದೆ ಬಿಟ್ಟುಹೋದವನು. ಕಲಿಯಕ್ಕಾಗದೆ ಓಡಿಹೋದ ಎಂದು ಹೊನ್ನೂರಸ್ವಾಮಿ ಊರಿಗೆಲ್ಲ ಹೇಳಿದ್ದ. ಈಗ ನೋಡಿದ. ಗೋವರ್ಧನ ಅಲುಗಿಸುತ್ತಿರಲಿಲ್ಲ, ತೂಗುತ್ತಿದ್ದ. ಬೆರಳು ಕೆನ್ನೆಯನ್ನು ಹಿಡಿದಂತೆಯೇ ಇರಲಿಲ್ಲ, ಕೆನ್ನೆಯೇ ಬಂದು ಬೆರಳಿಗೆ ಒರಗಿತ್ತು. ಮತ್ತು ಅವನು ಮಾತಾಡುತ್ತಿರಲಿಲ್ಲ. ಮುದುಕನೇ ಏನೋ ತೆಲುಗಿನಲ್ಲಿ ಗೊಣಗುತ್ತಿದ್ದ, ಇವನು ಊ ಊ ಎನ್ನುತ್ತಿದ್ದ. ಅಷ್ಟನ್ನು ನೋಡಿದ ಹೊನ್ನೂರಸ್ವಾಮಿಯ ಹೊಟ್ಟೆಯಲ್ಲಿ, ಬೆಳಿಗ್ಗೆ ಸುಳ್ಳಾಗಿದ್ದ ನೋವು ನಿಜವಾಗಿಯೇ ಎದ್ದಿತು.

"ಅಯ್ಯೋ ಅಣ್ಣಾ!" ಗೋವರ್ಧನ ಕೈಗವಸು ಕಳಚಿ ಹೊರಗೆ ಬಂದ. "ಬರ್ರಿ, ಬರ್ರಿ. ಮೇಡಂ, ನಾನು ಹೇಳ್ತಿದ್ನಲ್ಲ, ನಂಗೆ ಕೆಲಸ ಕಲಿಸಿದ ಅಣ್ಣ ಇವ್ರೇ. ಅತ್ತಿಗೆ ಹೆಂಗಿದಾರೆ? ನೋವು ಐತಾ?"

ಅತ್ತಿಗೆ ಎಂದ. ಕಳ್ಳರೆಲ್ಲ ಮೊದಲು ಅತ್ತಿಗೆ ಎಂದೇ ಶುರುಮಾಡುವುದು. ಡಾಕ್ಟರು ತೇಜಶ್ರೀ ಕೂತಲ್ಲಿಂದಲೇ ನಕ್ಕು ನಮಸ್ಕಾರ ಮಾಡಿದರು. ಮೂವತ್ತು ದಾಟಿರದ ಹೆಣ್ಣುಮಗಳು. ಹೊನ್ನೂರಸ್ವಾಮಿ ಬಸ್ಸಿನಲ್ಲಿ ತಯಾರಿಸಿದ್ದ ನಲವತ್ತು ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

"ಹಲ್ಲು ನೋವು," ಎಂದ.

ಅದು ಸುಳ್ಳಲ್ಲ ಎಂಬುದು ಅವನ ಗುಟ್ಟು. ಎಡಗಡೆ ಹಿಂದಿನ ದವಡೆ ಹಲ್ಲು ಆರು ವರ್ಷದಿಂದ ಕೊಳೆಯುತ್ತಿತ್ತು. ಒಂದು ಲಕ್ಷ ಜನಕ್ಕೆ ಏನೂ ಆಗಲ್ಲ ಎಂದವನಿಗೆ ಆ ಕುರ್ಚಿಯಲ್ಲಿ ತಾನೇ ಕೂರಬೇಕೆಂದರೆ ಅಂಗೈ ಬೆವರುತ್ತಿತ್ತು. ಲವಂಗ ಕಚ್ಚಿಕೊಂಡು ಆರು ವರ್ಷ ಕಳೆದಿದ್ದ. ತೇಜಶ್ರೀ ಕನ್ನಡಿ ಇಟ್ಟು ನೋಡಿ, "ಬುಡವೇ ಹೋಗಿದೆಯಲ್ರಿ. ನಿಮ್ಮ ಡಾಕ್ಟ್ರು ನೋಡಿಲ್ವಾ?" ಎಂದರು. ಆಮೇಲೆ, "ತೆಗೆದುಬಿಡೋಣ. ಬಿಪಿ, ಶುಗರ್, ಏನಾದ್ರೂ?" ಎಂದು ಕೇಳಿದರು.

"ಏನಿಲ್ಲ. ನಿನ್ನೆ ನಮ್ಮ ಮನೇಯೋರಿಗೆ ಯಾವ ಔಷಧಿ ಹಾಕಿದ್ರಿ?"

"ಅದ್ಯಾಕೆ?"

"ನಂಗೂ ಅದನ್ನೇ ಹಾಕ್ರಿ."

ಡಾಕ್ಟರು ಗೋವರ್ಧನನ ಮುಖ ನೋಡಿದರು. ಇಬ್ಬರೂ ಮುಖ ನೋಡಿಕೊಂಡರು ಎಂಬುದನ್ನು ಹೊನ್ನೂರಸ್ವಾಮಿ ಮನಸ್ಸಿನಲ್ಲಿ ಬರೆದಿಟ್ಟುಕೊಂಡ.

"ಅವರಿಗೆ ಹಾಕಿದ್ದು ಸಾದಾ ಲಿಗ್ನೋಕೇನು. ಅಡ್ರಿನಲಿನ್ ಇಲ್ಲದ್ದು. ಅದು ಬೇಗ ಇಳಿದುಹೋಗುತ್ತೆ, ನಡುವೆ ಇನ್ನೊಂದ್ಸಲ ಚುಚ್ಚಬೇಕಾಗುತ್ತೆ, ರಕ್ತಾನೂ ಜಾಸ್ತಿ ಬರುತ್ತೆ. ನಿಮಗೇನೂ ತೊಂದ್ರೆ ಇಲ್ಲದಿದ್ರೆ ಅದು ಯಾಕೆ ಬೇಕು?"

"ಅವಳ ಕೆನ್ನೆ ಕೆಂಪಾಗಿತ್ತು," ಎಂದ ಅವನು. ಹೇಳಬಾರದೆಂದಿದ್ದದ್ದು ತಾನೇ ಹೊರಬಿತ್ತು. "ಸೂಜಿ ಹಾಕಿದ್ರೆ ಬೆಳ್ಳಗಾಗ್ಬೇಕು. ನಾನು ಹತ್ತೊಂಬತ್ತು ವರ್ಷದಿಂದ ನೋಡಿದೀನಿ. ಬೆಳ್ಳಗೇ ಆಗೋದು."

"ಬೆಳ್ಳಗೆ ಮಾಡೋದು ಅಡ್ರಿನಲಿನ್ನು. ಲಿಗ್ನೋಕೇನ್ ಒಂದೇ ಇದ್ರೆ ಉಲ್ಟಾ, ರಕ್ತನಾಳ ಹಿಗ್ಗುತ್ತೆ. ಹಿಗ್ಗಿದ ನಾಳದಲ್ಲಿ ರಕ್ತ ಜಾಸ್ತಿ ಹರಿಯುತ್ತೆ, ಔಷಧೀನ ಅದೇ ತೊಳ್ಕೊಂಡು ಹೋಗುತ್ತೆ. ಮತ್ತೆ ಇಂಥ ಬಾಟ್ಲಿ ಕೆಡದೇ ಇರ್ಲಿ ಅಂತ ಪ್ಯಾರಾಬೆನ್ ಅಂತ ಒಂದು ಸೇರಿಸಿರ್ತಾರೆ. ಅದೂ ನಾಳಗಳನ್ನ ಸ್ವಲ್ಪ ಸಡಿಲ ಮಾಡುತ್ತೆ ಅಂತಾರೆ, ಕೆಲವರ ಚರ್ಮಕ್ಕೆ ಅದು ಆಗೋದೂ ಇಲ್ಲ." ತೇಜಶ್ರೀ ಬಾಟ್ಲಿಯನ್ನು ಅವನ ಕೈಗೆ ಕೊಟ್ಟರು. "ಸಂಜೆ ತನಕ ಕೆಂಪು ಇತ್ತಾ? ಇವತ್ತೂ ಇದ್ರೆ, ತುರಿಕೆ ಇದ್ರೆ, ಫೋನ್ ಮಾಡೋಕೆ ಹೇಳಿ. ಮುಂದಿನ ಸಲ ಪ್ಯಾರಾಬೆನ್ ಇಲ್ಲದ್ದು ತರಿಸ್ತೀನಿ."

ಹೊನ್ನೂರಸ್ವಾಮಿ ಬಾಟ್ಲಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಹತ್ತೊಂಬತ್ತು ವರ್ಷದ ಅವನ ವಿದ್ಯೆಯೆಲ್ಲ ಆ ಹೆಬ್ಬೆರಳುದ್ದದ ಗಾಜಿನೊಳಗೆ ಮುಳುಗಿ ಕೂತಿತ್ತು. ಹಾಗಾದರೆ ಕೆಂಪು ಅವಳದಲ್ಲ, ಬಾಟ್ಲಿಯದು. ನೆಗೆದು ಕುಣಿಯಬೇಕಾಗಿತ್ತು. ಕುಣಿಯುವುದಕ್ಕೆ ಮೊದಲು ಒಂದು ಸಣ್ಣ ಪ್ರಶ್ನೆ ಉಳಿದಿತ್ತು, ಅದನ್ನು ಕೇಳದೆ ಸುಮ್ಮನಿದ್ದರೆ ಆ ದಿನ ಅಲ್ಲಿಗೆ ಮುಗಿಯುತ್ತಿತ್ತು.

"ಅವಳಿಗೆ ಯಾಕೆ ಸಾದಾ ಹಾಕಿದ್ರಿ?"

ಉತ್ತರ ಹೇಳಿದವನು ಗೋವರ್ಧನ, ಸಿರಿಂಜಿಗೆ ಔಷಧಿ ಎಳೆಯುತ್ತ, ತಲೆ ಎತ್ತದೆ. "ನಾನೇ ಹೇಳ್ದೆ ಅಣ್ಣಾ. ಅತ್ತಿಗೆ ಏನೂ ಹೇಳ್ಲಿಲ್ಲ, ಸುಮ್ನೆ ಬಂದು ಕೂತ್ಕೊಂಡ್ರು. ಆದ್ರೆ ಅವತ್ತು ನಾನೂ ಇದ್ನಲ್ಲ ಅಲ್ಲಿ. ಅವರ ಎದೆ ಹೊಡ್ಕೊಂಡಿದ್ದು, ಬೆರಳು ನಡುಗಿದ್ದು, ತುಟಿ ಬೆಳ್ಳಗಾಗಿದ್ದು, ಎಲ್ಲಾ ನೋಡಿದ್ದೆ. ಅಡ್ರಿನಲಿನ್ ಆಗಲ್ಲ ಅನ್ಸುತ್ತೆ ಮೇಡಂ ಅಂದೆ. ಅತ್ತಿಗೆ ಬೆರಗಾಗಿ, ನಿಂಗೆ ಇನ್ನೂ ನೆನಪೈತಾ ಅಂದ್ರು, ಅಷ್ಟೇ."

ಅಷ್ಟೇ. ಆರು ಜನ ನಗುತ್ತಿದ್ದ ಆ ಕೋಣೆಯಲ್ಲಿ ಒಬ್ಬ ಮಾತ್ರ ಅವಳ ಬೆರಳುಗಳನ್ನು ನೋಡುತ್ತಿದ್ದ, ನೋಡಿದ್ದನ್ನು ಮೂರು ವರ್ಷ ಬಚ್ಚಿಟ್ಟುಕೊಂಡಿದ್ದ, ಇನ್ನೊಂದು ಊರಿನಲ್ಲಿ, ಮಗ್ಗದ ಸದ್ದಿನ ಪಕ್ಕ, ಅವಳು ಬಂದಾಗ ತೆಗೆದುಕೊಟ್ಟಿದ್ದ. ಇದಕ್ಕಿಂತ ಅವನು ಅವಳ ಕೈ ಹಿಡಿದಿದ್ದರೆ ಎಷ್ಟೋ ವಾಸಿಯಿತ್ತು. ಕೈ ಹಿಡಿದವನ ಕಪಾಳಕ್ಕೆ ಬಾರಿಸಬಹುದು. ನೆನಪಿಟ್ಟುಕೊಂಡವನನ್ನು ಏನು ಮಾಡುವುದು? ಇಂಥ ಕೋಪಕ್ಕೆ ಪೊಲೀಸು ಸ್ಟೇಷನ್ನಿನಲ್ಲಿ ಕಲಮು ಕೂಡ ಇಲ್ಲ. ಹೊಟ್ಟೆಯೊಳಗಿನ ಕಿಚ್ಚಿನಲ್ಲಿ ಮೊಳಕಾಲ್ಮೂರಿನ ಅಷ್ಟೂ ಬಂಡೆಗಳು ಕರಗಿ ಹರಿಯಬಹುದಿತ್ತು.

"ಚುಚ್ರಿ," ಎಂದು ಅವನು ಬಾಯಿ ತೆರೆದ.

ಗೋವರ್ಧನನ ಬೆರಳು ಕೆನ್ನೆಗೆ ಬಂತು. ಕೈಗವಸಿನ ರಬ್ಬರಿನ ವಾಸನೆ, ಅದರ ಹಿಂದೆ ಸಾಬೂನು. ಕೆನ್ನೆ ತೂಗತೊಡಗಿತು. ಹೊನ್ನೂರಸ್ವಾಮಿ ಕಣ್ಣು ಮುಚ್ಚಲಿಲ್ಲ. ನಿನ್ನೆ ಅವಳು ಕೂತಿದ್ದು ಇಲ್ಲೇ, ಕಂಡದ್ದು ಈ ಸೀಲಿಂಗನ್ನೇ, ಈ ಬೆರಳು ಇಲ್ಲೇ ಇತ್ತು. ನೋವಾಗಲಿ, ಜೋರಾಗಿ ನೋವಾಗಲಿ, ಅರಚಿಕೊಂಡು ಎದ್ದು ನಿನಗೇನೂ ಬರುವುದಿಲ್ಲ ಕಣೋ ಎಂದು ಬೆಂಚಿಗೆಲ್ಲ ಕೇಳುವಂತೆ ಹೇಳಬೇಕು ಎಂದು ಕಾದ. ಸೂಜಿ ಯಾವಾಗ ಬರುತ್ತದೆಂದು ಕಾಯುತ್ತಿರುವಾಗ ತೇಜಶ್ರೀ ಸಿರಿಂಜನ್ನು ಟ್ರೇಗೆ ಇಟ್ಟರು. ಮುಗಿದಿತ್ತು.

ಕನ್ನಡಿ ಕೊಡಿ ಎಂದ. ಕೊಟ್ಟರು. ಎಡಗೆನ್ನೆಯನ್ನು ಬೆಳಕಿಗೆ ಹಿಡಿದು ನೋಡಿದ. ಏನೂ ಇಲ್ಲ. ಅವನದು ಎಂಥ ಕಪ್ಪೆಂದರೆ ಕೆನ್ನೆಯ ಮೇಲೆ ಸೂರ್ಯನೇ ಬಂದು ಮುಳುಗಿದರೂ ಕೆಂಪು ಕಾಣಲಾರದು. ಬಾಟ್ಲಿ ಸತ್ಯ ಹೇಳುತ್ತಿದೆಯೋ ಇಲ್ಲವೋ ಎಂದು ತಿಳಿಯಲು ತಾನೇ ಕೂತು ಚುಚ್ಚಿಸಿಕೊಂಡರೆ, ತನ್ನ ಚರ್ಮವೇ ಸಾಕ್ಷಿ ಹೇಳಲಿಲ್ಲ. ಬೆರಳಿಂದ ಮುಟ್ಟಿದ. ಬೆರಳಿಗೆ ಕೆನ್ನೆ ಬಿಸಿಯಾಗಿತ್ತು, ಕೆನ್ನೆಗೆ ಬೆರಳು ತಿಳಿಯಲಿಲ್ಲ. ಬಲಗೆನ್ನೆ ಮುಟ್ಟಿದ, ತಣ್ಣಗಿತ್ತು. ಮತ್ತೆ ಎಡಗಡೆ, ಬಿಸಿ. ಯಾರನ್ನೂ ನೆನೆಯದೆ, ಯಾರಿಗೂ ನಾಚದೆ, ಕೊಳೆತ ಹಲ್ಲಿನ ಒಬ್ಬ ಗಂಡಸಿನ ಕೆನ್ನೆಗೆ ರಕ್ತ ತಾನಾಗಿ ಬಂದು ನಿಂತಿತ್ತು. ಹಲ್ಲು ಅರ್ಧ ಬರುವಷ್ಟರಲ್ಲಿ ಔಷಧಿ ಇಳಿಯತೊಡಗಿ, ಇನ್ನೊಂದು ಸಲ ಚುಚ್ಚಿದರು. ರಕ್ತ ಹರಿದೇ ಹರಿಯಿತು. ಮೂರು ಸಲ ಹತ್ತಿ ಬದಲಿಸಿ, ಒಂದು ಗಂಟೆ ಗಟ್ಟಿಯಾಗಿ ಕಚ್ಚಿಕೊಳ್ಳಬೇಕು, ಮಾತಾಡಬಾರದು ಎಂದರು ಡಾಕ್ಟರು. ಗೋವರ್ಧನ ಬಾಗಿಲ ತನಕ ಬಂದು, ಮಾತ್ರೆಯ ಪೊಟ್ಟಣ ಜೇಬಿಗೆ ಹಾಕಿ, "ಅಣ್ಣಾ, ಅತ್ತಿಗೇಗೆ ಕೇಳ್ದೆ ಅಂತ ಹೇಳ್ರಿ," ಎಂದ. ಮಾತಾಡಬಾರದೆಂದು ಡಾಕ್ಟರೇ ಹೇಳಿದ್ದು ಎಂಥ ಉಪಕಾರವಾಯಿತು.

ಮನೆಗೆ ಬರುವ ಬಸ್ಸಿನಲ್ಲಿ, ಬಿ.ಜಿ.ಕೆರೆಗೆ ತುಟಿಯ ಅಂಚು ಜುಮ್ಮೆಂದಿತು, ತಳಕಿಗೆ ನಾಲಗೆಗೆ ಸ್ಪರ್ಶ ಬಂತು, ಚಳ್ಳಕೆರೆಯ ಮೊದಲ ಎಣ್ಣೆ ಮಿಲ್ಲಿನ ಹಿಂಡಿಯ ವಾಸನೆ ಬರುವ ಹೊತ್ತಿಗೆ ನೋವು ಪೂರ್ತಿಯಾಗಿ ಬಂದು ಕೂತಿತ್ತು. ಅಡ್ರಿನಲಿನ್ ಇದ್ದಿದ್ದರೆ ಇನ್ನೊಂದಿಷ್ಟು ಹೊತ್ತು ತಡೆಯುತ್ತಿತ್ತು. ಚಿತ್ರಾಳಿಗೆ ನಿನ್ನೆ ಇಷ್ಟೇ ಬೇಗ ನೋವು ಬಂದಿರಬೇಕು, ಇದೇ ದಾರಿಯಲ್ಲಿ, ಮಡಿಲಲ್ಲಿ ಸೀರೆಯ ಗಂಟು. ಮನೆಗೆ ಬಂದು ಅವಳು ನೋವೆಂದಳೇ? ಅವನು ಕೇಳಲಿಲ್ಲ. ಟ್ಯೂಬ್‌ಲೈಟು ಹಾಕಿ ಕೆನ್ನೆ ನೋಡುತ್ತ ನಿಂತಿದ್ದ.

ಬಾಗಿಲು ತೆರೆದೇ ಇತ್ತು. ಚಿತ್ರಾ ಗೋಡೆಗೆ ಒರಗಿ, ಹಸಿರು ಸೀರೆಯ ಸೆರಗನ್ನು ಮೊಣಕಾಲ ಮೇಲೆ ಹರಡಿಕೊಂಡು ಕುಚ್ಚು ಕಟ್ಟುತ್ತಿದ್ದಳು. ಕೆನ್ನೆಯ ಕೆಂಪು ಹೋಗಿತ್ತು. ಅವನ ಊದಿದ ದವಡೆಯನ್ನು, ಅಂಗಿಯ ಮೇಲಿನ ರಕ್ತದ ಚುಕ್ಕೆಯನ್ನು ನೋಡಿದಳು. ಸೂಜಿ ನಿಂತಿತು.

"ಮೊಳಕಾಲ್ಮೂರಿಗೆ ಹೋಗಿದ್ರಾ?"

ಅವನು ತಲೆಯಾಡಿಸಿದ.

"ಅವನ್ನ ಏನಾದ್ರೂ ಅಂದ್ರಾ?"

ಇಲ್ಲವೆಂದು ತಲೆಯಾಡಿಸಿದ. ಅವಳ ಮೊದಲ ಚಿಂತೆ ಅವನದೇ, ಆ ಗೋವರ್ಧನನದು. ಅಥವಾ ಗಂಡ ಬೀದಿಯಲ್ಲಿ ನಗೆಪಾಟಲಾದನೇ ಎಂಬುದು. ಕೇಳಿದರೆ ತಿಳಿಯುತ್ತದೆ. ಯಾಕೆ ಅಲ್ಲಿಗೆ ಹೋದೆ ಎಂದು ಕೇಳುವುದಕ್ಕೆ ನಾಲಗೆ ಈಗ ಪೂರ್ತಿ ಸ್ವಾಧೀನದಲ್ಲಿತ್ತು, ಮಾತು ತುದಿಗೂ ಬಂದಿತ್ತು. ಅವನು ಅವಳೆದುರು ನೆಲಕ್ಕೆ ಕೂತು, ಕುಚ್ಚಿನ ದಾರ ಸುತ್ತಿದ್ದ ಅವಳ ಎಡಗೈಯನ್ನು ಎತ್ತಿಕೊಂಡು, ಮಣಿಕಟ್ಟಿನ ಒಳಗಡೆ ಮೂರು ಬೆರಳಿಟ್ಟ.

"ಏನ್ ಮಾಡ್ತಿದೀರಿ?"

"ಎಣಿಸ್ತೀನಿ. ಸುಮ್ನಿರು."

ಊರಿನ ಎಷ್ಟು ಕೈಗಳ ನಾಡಿ ಹಿಡಿದಿದ್ದನೋ, ಈ ಕೈಯದನ್ನು ಹಿಡಿದಿರಲಿಲ್ಲ. ಹುಡುಕುವುದಕ್ಕೇ ಸ್ವಲ್ಪ ಹೊತ್ತಾಯಿತು. ಆಮೇಲೆ ಸಿಕ್ಕಿತು, ಚರ್ಮದ ಕೆಳಗೆ, ಬೆರಳನ್ನು ಮೆಲ್ಲಗೆ ಎತ್ತಿ ಇಳಿಸುತ್ತ. ಗೋಡೆಯ ಗಡಿಯಾರದ ಕಡೆ ನೋಡುತ್ತ ಒಂದು ನಿಮಿಷ ಪೂರ್ತಿ ಎಣಿಸಿದ. ಅವಳು ಕೈ ಎಳೆದುಕೊಳ್ಳಲಿಲ್ಲ.

"ಎಷ್ಟು?"

ಎಂಟುನೂರು ಎಂದು ಹೇಳಿ ನಗಿಸಬಹುದಿತ್ತು. "ಎಂಬತ್ನಾಕು," ಎಂದ.

"ಅವತ್ತು?"

"ಅವತ್ತು ಎಣಿಸ್ಲಿಲ್ಲ." ಗಡಿಯಾರದಿಂದ ಕಣ್ಣು ತೆಗೆದು, "ಎಣಿಸ್ಬೇಕಿತ್ತು," ಎಂದ. "ನಮ್ಮ ಕ್ಲಿನಿಕ್ಕಿನ ಬಾಟ್ಲಿ ನಿಂಗೆ ಆಗಲ್ಲ. ಹೆದರಿಕೆ ಅಲ್ಲ ಅದು. ಔಷಧೀದು."

ಚಿತ್ರಾ ಅವನ ಮುಖವನ್ನೇ ನೋಡುತ್ತಿದ್ದಳು. ಮಾತಾಡಿದ್ದಕ್ಕೆ ಅವನ ಬಾಯಿಯ ಮೂಲೆಯಿಂದ ರಕ್ತ ಬೆರೆತ ಜೊಲ್ಲು ಇಳಿಯುತ್ತಿತ್ತು, ಅವನಿಗೆ ತಿಳಿದಿರಲಿಲ್ಲ. ಮೊಣಕಾಲ ಮೇಲಿನ ರೇಷ್ಮೆಯನ್ನು ಜೋಪಾನವಾಗಿ ಪಕ್ಕಕ್ಕೆ ಸರಿಸಿ, ತಾನುಟ್ಟ ಹಳೇ ಸೀರೆಯ ಸೆರಗಿನಿಂದ ಅದನ್ನು ಒರೆಸಿದಳು. ಒರೆಸಿ, ಸೆರಗನ್ನು ಒಂದು ಗಳಿಗೆ ಅಲ್ಲೇ, ಬಿಸಿಯಾಗಿದ್ದ ಕೆನ್ನೆಗೆ ಒತ್ತಿ ಹಿಡಿದಳು.

"ಇನ್ನೊಂದ್ಸಲ ಎಣಿಸ್ರಿ," ಎಂದಳು.

ಎಣಿಸಿದ. ಮುಳ್ಳು ಒಂದು ಸುತ್ತು ಬಂತು. ತೊಂಬತ್ತೆರಡು. ತಪ್ಪಿದ್ದೇನೋ ಎಂದುಕೊಂಡ, ತಪ್ಪಿರಲಿಲ್ಲ. ಎಂಟು ಹೆಚ್ಚು. ಸೂಜಿಯಿಲ್ಲ, ಬಾಟ್ಲಿಯಿಲ್ಲ, ಅಡ್ರಿನಲಿನ್ ಇಲ್ಲ, ಇಷ್ಟು ಹೊತ್ತಿನೊಳಗೆ ಅವಳ ರಕ್ತಕ್ಕೆ ಈ ಎಂಟು ಎಲ್ಲಿಂದ ಬಂತು, ಅವಳು ಯಾರನ್ನು ನೆನೆದಳು? ಅವಳ ಮುಖ ನೋಡಿದ. ಅವಳು ಅವನನ್ನೇ ನೋಡುತ್ತಿದ್ದಳು. ಅದು ಉತ್ತರವಿರಬಹುದೆಂದು ನಂಬುವಷ್ಟು ಧೈರ್ಯ, ಮೂರು ತಾಲೂಕಿನಲ್ಲೇ ತನ್ನಂಥ ಎದೆಗಾರನಿಲ್ಲವೆನ್ನುತ್ತಿದ್ದ ಹೊನ್ನೂರಸ್ವಾಮಿಗೆ ಇರಲಿಲ್ಲ. ಎಷ್ಟಾಯ್ತು ಎಂದು ಅವಳು ಕೇಳುವ ಮೊದಲೇ, ಕೈ ಬಿಡದೆ, ಮತ್ತೆ ಒಂದರಿಂದ ಶುರುಮಾಡಿದ.